ದಾರಿ ತೋರಿಸಿದವನ ಕತೆ ಯಾರ ಕೈಯಲ್ಲಿ? ‘ಕೆಂಜಿರ’ವನ್ನು ‘ಓಫೆಲಾಶ್’ ಜೊತೆಗಿಟ್ಟು

ಹಿಂದಿನ ಗೋಷ್ಠಿಯಲ್ಲಿ ನಾರ್ವೆಯ ‘ಓಫೆಲಾಶ್’ ಚಿತ್ರದ ಬಗ್ಗೆ ಮಾತಾಡಿದ್ದೆವು. ಇವತ್ತು ಅದರ ಪಕ್ಕದಲ್ಲಿ ವಯನಾಡಿನ ‘ಕೆಂಜಿರ’ವನ್ನು ಇಟ್ಟು ನೋಡುತ್ತೇನೆ. ನನ್ನ ಪ್ರಶ್ನೆ ಸರಳವಾದದ್ದು. ಒಂದು ಸಿನಿಮಾ ಪಣಿಯ ಭಾಷೆಯಲ್ಲಿದ್ದರೆ ಅಷ್ಟಕ್ಕೇ ಅದು ಪಣಿಯರ ಸಿನಿಮಾ ಆಗಿಬಿಡುತ್ತದೆಯೇ?

ಪಣಿಯರು ನಮಗೆ ದೂರದವರೇನಲ್ಲ. ಕೊಡಗಿನಲ್ಲಿ ಇವರನ್ನೇ ಪಣಿ ಎರವರು ಅಂತ ಕರೆಯೋದು. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ವರ್ಷಕ್ಕಿಷ್ಟು ಅಂತ ಜಮೀನುದಾರರು ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದ ಜನ ಇವರು. ಈ ಸಮುದಾಯದ ಒಬ್ಬ ಶಾಲೆಗೆ ಹೋಗುವ ಹುಡುಗಿಯೇ ‘ಕೆಂಜಿರ’. ನಿರ್ದೇಶಕ ಮನೋಜ್ ಕಾನ ರಂಗಭೂಮಿಯಿಂದ ಬಂದವರು. ಕಾಸರಗೋಡಿನ ಎಂಡೋಸಲ್ಫಾನ್ ದುರಂತದ ಬಗ್ಗೆ ‘ಅಮೀಬಾ’ ಮಾಡಿದವರೂ ಅವರೇ. 67ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ‘ಕೆಂಜಿರ’ ಅತ್ಯುತ್ತಮ ಪಣಿಯ ಚಿತ್ರವಾಯಿತು. ಸಂವಿಧಾನದ ಎಂಟನೇ ಪರಿಚ್ಛೇದದ ಹೊರಗಿರುವ ಭಾಷೆಗಳ ಆ ವಿಭಾಗದಲ್ಲೇ ಅದೇ ವರ್ಷ ತುಳುವಿನ ‘ಪಿಂಗಾರ’ವೂ ಗೆದ್ದಿತ್ತು, ನೆನಪಿರಬಹುದು. ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಎರಡನೇ ಅತ್ಯುತ್ತಮ ಚಿತ್ರ. ಪ್ರತಾಪ್ ಪಿ. ನಾಯರ್ ಅವರ ಛಾಯಾಗ್ರಹಣಕ್ಕೂ ಪ್ರಶಸ್ತಿ ಬಂತು.

ವಿನುಷಾ ರವಿ ಅವರ ಅಭಿನಯ ನನಗೆ ತುಂಬಾ ಇಷ್ಟ. ಆಕೆ ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವ ರೀತಿ ನೋಡಿ. ಆದರೆ ತೊಡಕು ಶುರುವಾಗೋದೂ ಅಲ್ಲೇ. ಕೆಂಜಿರಳಿಗೆ ಏನೇನೋ ಆಗುತ್ತದೆ, ಅವಳಾಗಿ ಮಾಡುವುದು ಕಡಿಮೆ. ಭಾಷೆ ಪಣಿಯರದು, ಕತೆಯನ್ನು ನಡೆಸುವ ಕೈ ಹೊರಗಿನವರದು. ನಿರ್ದೇಶಕರ ಕಾಳಜಿಯ ಮೇಲೆ ನನಗೇನೂ ಅನುಮಾನವಿಲ್ಲ. ಮೆಚ್ಚುಗೆ ಹೋದದ್ದು ಮಾತ್ರ ಬಹುಮಟ್ಟಿಗೆ ಅವರ ಧೈರ್ಯಕ್ಕೆ, ಭಾಷೆಯ ಅಪರೂಪಕ್ಕೆ. ಪಣಿಯರು ಪ್ರೇಕ್ಷಕರಾಗಿ ಏನಂದರು ಅನ್ನೋದು ಯಾರ ಲೆಕ್ಕಕ್ಕೂ ಬಂದಂತಿಲ್ಲ.

ಈಗ ‘ಓಫೆಲಾಶ್’. 1987ರದು, ಉತ್ತರ ಸಾಮಿ ಭಾಷೆಯದು. ನಾರ್ವೆ ಅದನ್ನು ತನ್ನ ಚಿತ್ರವೆಂದೇ ಆಸ್ಕರ್‌ಗೆ ಕಳಿಸಿತು, ನಾಮನಿರ್ದೇಶನವೂ ಆಯಿತು. ದಶಕಗಳ ಕಾಲ ಸಾಮಿ ಮಕ್ಕಳ ಬಾಯಿಂದ ಅವರ ಭಾಷೆ ಬಿಡಿಸಿದ ರಾಜ್ಯವೇ ಅದು! ನಿರ್ದೇಶಕ ನಿಲ್ಸ್ ಗೌಪ್ ಸ್ವತಃ ಸಾಮಿ. ಕತೆ ಹಳೆಯ ಐತಿಹ್ಯ: ಮನೆಯವರನ್ನು ಕೊಂದ ದಾಳಿಕೋರರಿಗೆ ದಾರಿ ತೋರಿಸಬೇಕಾಗಿ ಬಂದ ಹುಡುಗ ಅವರನ್ನು ಪ್ರಪಾತದ ಕಡೆಗೆ ನಡೆಸುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಇದೇ ಬಗೆಯ ಐತಿಹ್ಯ ವಯನಾಡಿನಲ್ಲೂ ಇದೆ. ಕರಿಂತಂಡನ್ ಎಂಬ ಪಣಿಯ ಬ್ರಿಟಿಷರಿಗೆ ತಾಮರಶ್ಶೇರಿ ಘಾಟಿಯ ದಾರಿ ತೋರಿಸಿದ, ಕೀರ್ತಿ ತನಗೇ ಸಿಗಲಿ ಅಂತ ಇಂಜಿನಿಯರ್ ಅವನನ್ನು ಕೊಂದ, ಅವನ ಪ್ರೇತವನ್ನು ಕಟ್ಟಿಹಾಕಿದ ಸರಪಳಿ ಲಕ್ಕಿಡಿಯ ಮರದಲ್ಲಿದೆ ಅನ್ನುತ್ತಾರೆ. ಪಣಿಯ ಸಮುದಾಯದವರೇ ಆದ ಲೀಲಾ ಸಂತೋಷ್ ಈ ಕತೆಯನ್ನು ಸಿನಿಮಾ ಮಾಡುವುದಾಗಿ 2018ರಲ್ಲಿ ಪ್ರಕಟಣೆಯಾಯಿತು, ವಿನಾಯಕನ್ ನಾಯಕ. ಕೆ.ಜೆ. ಬೇಬಿ ನಡವಯಲ್‌ನಲ್ಲಿ ಕಟ್ಟಿದ ‘ಕನವು’ ಶಾಲೆಯಲ್ಲಿ ಕಲಿತವರು ಆಕೆ, ಸಾಕ್ಷ್ಯಚಿತ್ರ ಮಾಡಿದ ಅನುಭವವೂ ಇತ್ತು. ಆ ಸಿನಿಮಾ ಇನ್ನೂ ತೆರೆಗೆ ಬಂದಿಲ್ಲ.

ಹಾಗಾಗಿ ತೆರೆಯ ಮೇಲೆ ನಮಗೆ ಸಿಕ್ಕಿರುವುದು ಅನುಭವಿಸುವ ಪಣಿಯ ಹುಡುಗಿ. ದಾರಿ ತೋರಿಸಿದ ಪಣಿಯ ಇನ್ನೂ ಪೋಸ್ಟರಿನಲ್ಲೇ ಇದ್ದಾನೆ.

‘ಪ್ರತಿಭೆ ಇದ್ದರೆ ಬರುತ್ತಾರೆ’ ಅನ್ನುವವರಿಗೆ ಒಂದು ಮಾತು. ಗೌಪ್ ಆಕಾಶದಿಂದ ಉದುರಲಿಲ್ಲ. ನಾಟಕ ಶಾಲೆಯಲ್ಲಿ ಕಲಿತವರು, 1981ರಲ್ಲಿ ಸಾಮಿ ರಂಗತಂಡ ‘ಬೇವಾಶ್’ ಕಟ್ಟಿದವರಲ್ಲಿ ಒಬ್ಬರು. ಅಂದರೆ ಸಿನಿಮಾಕ್ಕೆ ಮೊದಲೇ ಆ ಭಾಷೆಯಲ್ಲಿ ನಟರು, ಅವರಿಗೊಂದು ಜಾಗ ಇತ್ತು. ಕೇರಳದಲ್ಲಿ ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೆ ಚಲನಚಿತ್ರ ಅಭಿವೃದ್ಧಿ ನಿಗಮ ಒಂದೂವರೆ ಕೋಟಿವರೆಗೆ ಕೊಡುತ್ತದೆ. 2025ರ ಆಗಸ್ಟ್‌ನಲ್ಲಿ ಅಡೂರ್ ಗೋಪಾಲಕೃಷ್ಣನ್ ಇದು ಹೆಚ್ಚಾಯಿತು, ಮೊದಲು ತರಬೇತಿ ಕೊಡಿ ಎಂದಾಗ ಸಭೆಯಲ್ಲೇ ಆಕ್ಷೇಪ ಬಂತು. ತರಬೇತಿ ಬೇಡ ಅಂತ ನಾನೂ ಹೇಳಲಾರೆ. ಆದರೆ ಹೊಸ ನಿರ್ದೇಶಕರು ಎಲ್ಲ ಜಾತಿಯಲ್ಲೂ ಇದ್ದಾರಲ್ಲ, ಈ ಷರತ್ತು ನೆನಪಾಗುವುದು ಇವರ ಸರದಿ ಬಂದಾಗ ಮಾತ್ರ ಯಾಕೆ? ಚರ್ಚೆಯನ್ನು ಇಲ್ಲಿಂದಲೇ ಶುರುಮಾಡೋಣ ಸರ್, ಮೈಕ್ ಆನ್ ಮಾಡಿಕೊಳ್ಳಿ.