ಮಾರ್ಗಸೂಚಿಯ ಕ್ರಿಯಾಪದ: ಮನೆಯ ಶ್ವಾಸಯಂತ್ರವನ್ನು ಕುರಿತ ಎರಡು ಕೃತಿಗಳ ವಿಮರ್ಶೆ

ವೈದ್ಯರ ಮಾರ್ಗಸೂಚಿಗಳನ್ನು ಸಾಹಿತ್ಯವಿಮರ್ಶೆಯ ವಸ್ತುವೆಂದು ಯಾರೂ ಎಣಿಸುವುದಿಲ್ಲ. ಆದರೆ ಒಂದು ವಾಕ್ಯದ ಬಲದಿಂದ ರೋಗಿಯ ಹಾಸಿಗೆಯ ಪಕ್ಕಕ್ಕೆ ಯಂತ್ರವೊಂದು ಬರುವುದೋ ಬಾರದಿರುವುದೋ ನಿಶ್ಚಯವಾಗುವಾಗ, ಆ ವಾಕ್ಯದ ರಚನೆಯನ್ನು ಪರೀಕ್ಷಿಸುವುದು ಭಾಷಾಭ್ಯಾಸಿಗಳಿಗೂ ಸೇರಿದ ಕೆಲಸ. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುವು ಎರಡು ಕೃತಿಗಳು: ಯೂರೋಪಿಯನ್ ರೆಸ್ಪಿರೇಟರಿ ಸೊಸೈಟಿ 2019ರಲ್ಲಿಯೂ ಅಮೆರಿಕನ್ ಥೊರಾಸಿಕ್ ಸೊಸೈಟಿ 2020ರಲ್ಲಿಯೂ ಪ್ರಕಟಿಸಿದ ಮಾರ್ಗಸೂಚಿಗಳು. ಎರಡರ ಪ್ರಶ್ನೆಯೂ ಒಂದೇ. ಸಿ.ಓ.ಪಿ.ಡಿ. ಎಂಬ ಶ್ವಾಸಕೋಶದ ದೀರ್ಘರೋಗದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ನಿಂತವರಿಗೆ, ಗಂಟಲಿನೊಳಕ್ಕೆ ಕೊಳವೆ ಇಳಿಸದೆ, ಮುಖಕ್ಕೆ ಮಾಸ್ಕ್ ಕಟ್ಟಿ, ರಾತ್ರಿಯ ಹೊತ್ತು ಮನೆಯಲ್ಲಿಯೇ ವೆಂಟಿಲೇಟರಿನಿಂದ ನೆರವು ಕೊಡಬೇಕೆ?

ಈ ಬಗೆಯ ಬರವಣಿಗೆಯ ವ್ಯಾಕರಣ ಬಹು ಬಿಗಿಯಾದುದು. ‘ಗ್ರೇಡ್’ ಎಂಬ ಪದ್ಧತಿಯಂತೆ ವಿಧಿವಾಕ್ಯಕ್ಕೆ ಎರಡೇ ಕ್ರಿಯಾಪದಗಳುಂಟು. ಬಹುಮಟ್ಟಿಗೆ ಎಲ್ಲ ರೋಗಿಗಳೂ ಒಪ್ಪಬಹುದಾದ ದೃಢವಾದ ಮಾತಿಗೆ ‘ಶಿಫಾರಸು ಮಾಡುತ್ತೇವೆ’ ಎಂಬುದು; ಆಧಾರ ಶಿಥಿಲವಾಗಿದ್ದರೆ, ಅಥವಾ ಒಬ್ಬರು ಬಯಸಿದ್ದನ್ನು ಮತ್ತೊಬ್ಬರು ಬೇಡವೆನ್ನುವುದು ಸಹಜವಾಗಿದ್ದರೆ ‘ಸೂಚಿಸುತ್ತೇವೆ’ ಎಂಬುದು. ಯೂರೋಪಿನ ನಾಲ್ಕು, ಅಮೆರಿಕದ ಐದು, ಒಟ್ಟು ಒಂಬತ್ತು ವಾಕ್ಯಗಳಲ್ಲಿ ಒಂದಕ್ಕಾದರೂ ಮೊದಲನೆಯ ಕ್ರಿಯಾಪದ ದೊರೆತಿಲ್ಲ. ಕನ್ನಡಕ್ಕೆ ತರುವವರು ಇಲ್ಲಿ ಎಚ್ಚರದಿಂದಿರತಕ್ಕದ್ದು. ನಮ್ಮ ಕಚೇರಿಗಳ ಭಾಷೆಯಲ್ಲಿ ‘ಸೂಚಿಸಲಾಗಿದೆ’ ಎಂದರೆ ಅಪ್ಪಣೆಯಾಗಿದೆ ಎಂದೇ ಅರ್ಥ. ಸಲಹೆಯಾಗಿ ಹೊರಟ ಮಾತು ಅನುವಾದದಲ್ಲಿ ಆಜ್ಞೆಯಾಗಿ ಬಂದು ಇಳಿಯುತ್ತದೆ.

ಗ್ರಂಥಕರ್ತರ ಸಂಯಮಕ್ಕೆ ಬಲವಾದ ಕಾರಣವುಂಟು. 2014ರಲ್ಲಿ ಎರಡು ಪ್ರಯೋಗಗಳ ಫಲಿತಾಂಶಗಳು ಹೊರಬಂದುವು. ಜರ್ಮನಿ ಮತ್ತು ಆಸ್ಟ್ರಿಯಗಳಲ್ಲಿ, ರೋಗ ಸ್ಥಿರವಾಗಿದ್ದ 195 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ವರ್ಷದೊಳಗಿನ ಮರಣ ಯಂತ್ರವಿಲ್ಲದವರಲ್ಲಿ ನೂರಕ್ಕೆ 33, ಯಂತ್ರವಿದ್ದವರಲ್ಲಿ 12. ನೆದರ್ಲೆಂಡ್ಸಿನ ಪ್ರಯೋಗವಾದರೋ ಆಸ್ಪತ್ರೆಯಲ್ಲಿ ಯಂತ್ರವನ್ನು ತೆಗೆದು 48 ಗಂಟೆ ಕಳೆದ ಮೇಲೂ ಡೈಆಕ್ಸೈಡ್ ಇಳಿಯದವರನ್ನು ಆರಿಸಿಕೊಂಡಿತು. ಮರಣದಲ್ಲಾಗಲಿ ಮತ್ತೆ ಆಸ್ಪತ್ರೆ ಸೇರುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಪಡೆಯದವರಲ್ಲಿಯೂ ಅನೇಕರ ರಕ್ತ ಕಾಲಕ್ರಮದಲ್ಲಿ ಸುಧಾರಿಸಿತ್ತು. 2017ರ ಬ್ರಿಟಿಷ್ ಪ್ರಯೋಗ ಎರಡರಿಂದ ನಾಲ್ಕು ವಾರ ಕಾದು, ಆಮೇಲೂ ಇಳಿಯದವರಿಗೆ ಮಾತ್ರ ಯಂತ್ರ ಕೊಟ್ಟಿತು. ಮರಳಿ ಆಸ್ಪತ್ರೆ ಸೇರುವ ಅಥವಾ ಸಾಯುವ ವರೆಗಿನ ಮಧ್ಯಮ ಅವಧಿ 1.4 ತಿಂಗಳಿಂದ 4.3 ತಿಂಗಳಿಗೆ ಏರಿತು. ಆದರೆ ಪರಿಶೀಲಿಸಿದ್ದು 2021 ಮಂದಿಯನ್ನು, ಪ್ರಯೋಗಕ್ಕೆ ಸೇರಿದವರು 116 ಮಂದಿ. ಈ ಅನುಪಾತವನ್ನು ನೋಡಿದವರು ‘ಸೂಚಿಸುತ್ತೇವೆ’ ಎಂಬುದಕ್ಕಿಂತ ಗಟ್ಟಿಯಾದ ಕ್ರಿಯಾಪದವನ್ನು ಕೇಳಲಾರರು.

ಆಸ್ಪತ್ರೆಯಲ್ಲಿರುವಾಗಲೇ ದೀರ್ಘಕಾಲದ ಚಿಕಿತ್ಸೆಯನ್ನು ಆರಂಭಿಸದೆ, ಎರಡರಿಂದ ನಾಲ್ಕು ವಾರಗಳ ಬಳಿಕ ಮತ್ತೆ ಪರೀಕ್ಷಿಸಿರೆಂಬ ಅಮೆರಿಕದ ಮಾತು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ತರ್ಕ ನಿರ್ದುಷ್ಟವಾಗಿದೆ. ಆದರೂ ವಾಕ್ಯದ ಒಳಗೆ ಹೇಳದೆ ಬಿಟ್ಟ ಒಂದು ಷರತ್ತು ಅಡಗಿದೆ: ಮನೆಗೆ ಹೋದ ರೋಗಿ ಮತ್ತೆ ಬರುತ್ತಾನೆ ಎಂಬುದು. ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದವನು, ಹತ್ತು ಹೆಜ್ಜೆಗೆ ಏದುಸಿರು ಬಿಡುವವನು, ಮೂರು ವಾರಗಳ ಮೇಲೆ ಧಮನಿಯ ರಕ್ತ ಕೊಡುವುದಕ್ಕೆಂದೇ ಮತ್ತೊಮ್ಮೆ ಪ್ರಯಾಣಮಾಡಬೇಕು. ಆತ ಬಾರದಿದ್ದರೆ ‘ಆಮೇಲೆ’ ಎಂಬ ಸಲಹೆ ‘ಇಲ್ಲ’ ಎಂಬ ನಿರ್ಣಯವಾಗಿ ಪರಿಣಮಿಸುತ್ತದೆ.

ನಮ್ಮ ಮೀಮಾಂಸಕರು ವಿಧಿವಾಕ್ಯವನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದರು: ಏನನ್ನು ಸಾಧಿಸಬೇಕು, ಯಾವುದರಿಂದ, ಹೇಗೆ. ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂಬ ಈ ಮೂರರ ಜೊತೆಗೆ ಅಧಿಕಾರಿ ಯಾರೆಂಬುದನ್ನೂ ಅವರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ನಮ್ಮ ಎರಡು ಕೃತಿಗಳಲ್ಲಿ ಸಾಧ್ಯವೂ ಸಾಧನವೂ ಸ್ಪಷ್ಟವಾಗಿವೆ. ಮೂರನೆಯದಕ್ಕೆ ದೊರೆಯುವ ಉತ್ತರ ಯಂತ್ರದ ಮಟ್ಟದ್ದು: ಒತ್ತಡವನ್ನು ಹೇಗೆ ಹೊಂದಿಸಬೇಕು, ಡೈಆಕ್ಸೈಡನ್ನು ಎಷ್ಟಕ್ಕೆ ಇಳಿಸಬೇಕು. ರಾತ್ರಿ ಮಾಸ್ಕ್ ಸಡಿಲವಾದಾಗ ಏಳುವವರು ಯಾರು, ಕೊಳವೆಯನ್ನು ತೊಳೆಯುವವರು ಯಾರು, ವಿದ್ಯುತ್ತು ಹೋದಾಗ ಮಾಡತಕ್ಕದ್ದೇನು? ಒಂಬತ್ತು ವಿಧಿವಾಕ್ಯಗಳಲ್ಲಿ ಒಂದೂ ಈ ಕರ್ತೃವನ್ನು ಹೆಸರಿಸಿ ಹೊರಟುದಲ್ಲ. ಬಹುತೇಕ ಮನೆಗಳಲ್ಲಿ ಆ ಕರ್ತೃ ಹೆಂಡತಿ, ಮಗಳು ಅಥವಾ ಸೊಸೆ ಎಂಬುದನ್ನು ಹೇಳಲು ಪ್ರಯೋಗಶಾಲೆ ಬೇಕಿಲ್ಲ.

ಇದೇ ಚಿಕಿತ್ಸೆಯ ಚರಿತ್ರೆಯಲ್ಲಿ ಕರ್ತೃ ಕಣ್ಣಿಗೆ ಕಂಡ ಸಂದರ್ಭವೂ ಇದೆ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿದಾಗ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿದ್ದ ದೊಡ್ಡ ಉಸಿರಾಟದ ಪೆಟ್ಟಿಗೆ ಒಂದೇ, ಎದೆಗವಚದ ಯಂತ್ರಗಳು ಆರು. ಮೊದಲ ವಾರಗಳಲ್ಲಿ ಯಂತ್ರಕ್ಕೆ ಹಾಕಿದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಅವರು ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಂಡಿ ಗಾಳಿ ತುಂಬುವ ಕ್ರಮವನ್ನು ತಂದರು. ಸುಮಾರು 1500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಆ ಚೀಲವನ್ನು ಹಿಂಡಿದರು. ಮರಣದ ಪ್ರಮಾಣ ನೂರಕ್ಕೆ 80ಕ್ಕೂ ಮೇಲಿದ್ದುದು 40ರ ಸುಮಾರಿಗೆ ಇಳಿಯಿತು. ಅಲ್ಲಿ ‘ಗಾಳಿ ಕೊಡಲಾಯಿತು’ ಎಂದು ಕರ್ಮಣಿಯಲ್ಲಿ ಬರೆದರೂ, ಕೊಟ್ಟ ಕೈ ಯಾವುದೆಂಬುದು ಓದುಗನಿಗೆ ತಿಳಿದಿರುತ್ತಿತ್ತು. ಮೋಟಾರು ಬಂದ ಮೇಲೆ ಕೈಯ ಕೆಲಸ ತೀರಿತೆಂದು ಭಾವಿಸುವಂತಾಯಿತು. ವಾಸ್ತವವಾಗಿ ಅದು ಆಸ್ಪತ್ರೆಯಿಂದ ಮನೆಗೆ ವರ್ಗವಾಯಿತು.

ಆಧಾರವಿದ್ದಷ್ಟೇ ಮಾತನಾಡುವುದು ಮಾರ್ಗಸೂಚಿಯ ಧರ್ಮ, ಮನೆಯ ವಿಚಾರ ಅದರ ವ್ಯಾಪ್ತಿಯ ಹೊರಗೆ ಎಂದು ವಾದಿಸಬಹುದು. ಈ ವಾದವನ್ನು ಪೂರ್ಣವಾಗಿ ಒಪ್ಪಲಾಗುವುದಿಲ್ಲ. ಅತಿ ಕಡಿಮೆ ಖಚಿತತೆಯ ಆಧಾರದ ಮೇಲೂ ಈ ಸಮಿತಿಗಳು ವಾಕ್ಯ ರಚಿಸಿವೆ. ಯಂತ್ರದ ಒತ್ತಡದ ಬಗೆಯನ್ನು ಕುರಿತ ಯೂರೋಪಿನ ವಾಕ್ಯ ಅಂಥದು. ಪ್ರಶ್ನೆಯನ್ನು ಪಟ್ಟಿಗೆ ಸೇರಿಸುವುದು ಆಧಾರದ ಮೇಲೆ ಮಾತ್ರ ನಿಂತ ಕಾರ್ಯವಲ್ಲ. ಯಾವುದು ಕೇಳತಕ್ಕ ಪ್ರಶ್ನೆ ಎಂಬ ಅಭಿಪ್ರಾಯವೂ ಅದರಲ್ಲಿ ಸೇರಿದೆ. ರಾತ್ರಿಯ ಯಂತ್ರವನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸೆಂದು ರೋಗಿಯೇ ಕೇಳಿದರೆ ವೈದ್ಯನು ಏನು ಮಾಡತಕ್ಕದ್ದು ಎಂಬುದು ಎರಡು ಪಟ್ಟಿಗಳಲ್ಲಿಯೂ ಪ್ರಶ್ನೆಯಾಗಿ ಸೇರಿಲ್ಲ.