ತಲೆಬರಹ ಅಂದರ ಚೀಲದ ಬಾಯಿ

ನಾನು ಏಳನೇ ಇಯತ್ತೆ ಓದಿದವ. ಒಕ್ಕಲುತನ ಮಾಡ್ತೀನಿ, ಭಜನಿ ಪದ, ಗೀಗೀ ಪದ ಹಾಡ್ತೀನಿ. ವಾಚನಾಲಯದ ಮಾಸ್ತರು ಬರೀರಿ ಅಂದದ್ದಕ್ಕ ಈ ನಾಲ್ಕು ಮಾತು ಬರೆದಿದ್ದೇನೆ.

ನಮ್ಮ ಸುತ್ತಿನ ಹಳ್ಳಿಗಳ ಹಾಡು ಕೂಡಿಸಿ ಅಚ್ಚು ಹಾಕಿದ ಪುಸ್ತಕವೊಂದು ಹೋದ ವರ್ಷ ವಾಚನಾಲಯಕ್ಕೆ ಬಂತು. ನನ್ನ ಅವ್ವ ಬೀಸುವಾಗ ಹಾಡತಿದ್ದ ಪದಾನೂ ಅದರಾಗ ಐತಿ ಅಂತ ಕೇಳಿ ಹೋದೆ. ಪರಿವಿಡಿ ಮೂರು ಸಲ ಓದಿದೆ, ಸಿಗಲಿಲ್ಲ. ‘ಸ್ತ್ರೀ ಸಂವೇದನೆ’, ‘ದಾಂಪತ್ಯ ವಿಡಂಬನೆ’, ‘ಜೀವನ ಮೌಲ್ಯ’ ಇಂಥವೇ ಹೆಸರು. ಕಡೀಕ ಹಾಳಿ ತಿರುವುತ್ತ ಹೋದಾಗ ‘ಸ್ತ್ರೀ ಸಂವೇದನೆ 4’ ಅನ್ನೋದರ ಕೆಳಗ ನಮ್ಮವ್ವ ಕುಂತಿದ್ದಳು. ಮನ್ಯಾಗ ನಾವು ಅದಕ್ಕ ‘ತವರ ಹಾದಿ ಪದ’ ಅಂತಿದ್ದೆವು.

ಪದ ಬರಕೊಂಡದ್ದರಾಗ ತಪ್ಪಿಲ್ಲ, ಒಂದು ನುಡಿ ಸಹ ಬಿಟ್ಟಿಲ್ಲ. ತಪ್ಪು ಇರೋದು ಹೆಸರಿನಾಗ. ಅಡತಿ ಅಂಗಡ್ಯಾಗ ಚೀಲದ ಬಾಯಿ ನೋಡಿ ಮಾಲು ಅಳೀತಾರ. ಬಾಯಾಗ ದಪ್ಪ ಕಾಳು, ಬುಡಕ ಜೊಳ್ಳು ತುಂಬಿದರ ಒಂದು ಸಲ ಮಾರತೈತಿ. ಎರಡನೇ ಸಲ ನಮ್ಮ ಚೀಲ ಪೂರಾ ಸುರುವಿ ನೋಡ್ತಾರ. ಈ ಪುಸ್ತಕದ್ದು ಉಲ್ಟಾ. ಒಳಗ ಮಾಲದಂಡಿ ಜೋಳ ಐತಿ, ಬಾಯಿ ಹೊಲದು ಬಿಟ್ಟಾರ.

ಹಂಗಾದರ ಚಲೋ ಹೆಸರು ಯಾವುದು? ಶಿವರಾಮ ಕಾರಂತರು 1933ರಾಗ ಬರೆದ ‘ಚೋಮನ ದುಡಿ’ ನೋಡ್ರಿ. ಚೋಮ ಹೊಲ ಬೇಕು ಅಂತ ಬಡಕೊಂಡವ, ಕಡೀತನಕಾ ಸಿಗಲಿಲ್ಲ. ‘ಚೋಮನ ಗೋಳು’ ಅಂತ ಇಟ್ಟಿದ್ದರ ಓದೋಕಿಂತ ಮೊದಲ ಅಯ್ಯೋ ಪಾಪ ಅಂದು ಮುಗಿಸತಿದ್ದೆವು. ದುಡಿ ಅಂದಾಗ ಕಿವಿ ಕೊಡಬೇಕಾಗತೈತಿ. ನಾನು ದಪ್ಪು ಬಡಿಯೋರ ಸಂಗಾಟ ಹಾಡಿದವ, ಅದಕ್ಕ ಈ ಮಾತು ನನಗ ಜಲ್ದಿ ತಿಳೀತು.

ಇನ್ನೊಂದು ನಮ್ಮ ‘ಸಂಗ್ಯಾ ಬಾಳ್ಯಾ’ ಆಟ. ಅದರಾಗ ಗಂಗಿಯ ಕತಿ ಐತಿ, ಜನ ನೋಡಾಕ ಬರೋದೂ ಆಕೀನ್ನ. ಆದರ ಹೆಸರಿನಾಗ ಇರೋರು ಇಬ್ಬರು ಗೆಣೆಯರು. ಯಾಕಂದರ ಗೆಣೆಯನೇ ಗೆಣೆಯನ ಕೊರಳಿಗೆ ಮೂಲಾದದ್ದು ಆಟದ ಹುರುಳು. ಗಂಗಿಯ ಹೆಸರು ಹಾಕಿದ್ದರ ಮಂದಿ ಇನ್ನೂ ಹೆಚ್ಚು ಕೂಡತಿದ್ದರೋ ಏನೋ, ಆಟ ಮಾತ್ರ ಕೆಡತಿತ್ತು.

ಹೆಸರು ತಪ್ಪಿದರ ನಷ್ಟ ಪುಸ್ತಕಕ್ಕಷ್ಟೇ ಅಲ್ಲ. 2022ರ ನವೆಂಬರ್‌ನಾಗ ನಮ್ಮ ಜತ್ತ ತಾಲೂಕಿನ ಸುದ್ದಿ ಎರಡೂ ರಾಜ್ಯದ ಪೇಪರಿನಾಗ ಬಂತು. ನಾನು ಕಟ್ಟಿ ಮ್ಯಾಲೆ ಕುಂತು ಹಿರೇರಿಗೆ ಓದಿ ಹೇಳಿದ ಪೇಪರಿನ ತಲೆಬರಹದಾಗ ಕರ್ನಾಟಕ ಇತ್ತು, ಮಹಾರಾಷ್ಟ್ರ ಇತ್ತು, ಜಗಳ ಇತ್ತು. ನೀರು ಇರಲಿಲ್ಲ. ಹಳ್ಳಿಗಳು 2012ರಾಗ ಠರಾವು ಮಾಡಿದ್ದು ನೀರಿನ ಸಲುವಾಗಿ ಅನ್ನೋದು ಕೆಳಗ ಎಲ್ಲೋ ಒಂದು ಸಾಲಿನಾಗ ಇತ್ತು. ಅಷ್ಟರಾಗ ಅರ್ಧ ಮಂದಿ ಎದ್ದು ಹೋಗಿದ್ದರು. ತಲೆಬರಹ ಸುಳ್ಳಾಗಿರಲಿಲ್ಲ. ಆದರ ನಮ್ಮ ಬಾವಿ ಬತ್ತಿದ್ದು ಅದರಾಗ ಕಾಣಲಿಲ್ಲ.

ಮಾಸ್ತರಗೋಳಿಗೆ ನನ್ನ ವಿನಂತಿ ಇಷ್ಟೇ. ಹಾಡು ಬರಕೊಂಡ ಮ್ಯಾಲೆ ಹಾಡಿದ ತಾಯಂದಿರನ್ನ ಕೇಳ್ರಿ: ‘ಯವ್ವಾ, ಇದಕ್ಕ ನೀವು ಏನಂತೀರಿ?’ ಅವರು ಹೇಳಿದ್ದನ್ನ ಮ್ಯಾಲೆ ಬರೀರಿ. ಅವರು ಹೆಸರು ಹೇಳದಿದ್ದರ ಮೊದಲ ಸಾಲೇ ಸಾಕು, ಶಿಶುನಾಳ ಷರೀಫ ಸಾಹೇಬರ ಪದಗಳನ್ನೂ ನಾವು ಹಂಗೇ ಗುರುತು ಹಿಡಿಯೋದು. ಸಂವೇದನೆ, ಮೌಲ್ಯ ಬೇಕಾದರ ಮುನ್ನುಡಿಯಾಗ ಇರಲಿ.

ಮಾಸ್ತರ ಅಪ್ಪಣೆ ತಗೊಂಡು ವಾಚನಾಲಯದ ಪ್ರತಿಯಾಗ, ಪರಿವಿಡಿಯ ಮಗ್ಗಲಕ, ನನಗ ತಿಳಿದ ಮನಿ ಹೆಸರು ಪೆನ್ಸಿಲ್‌ನಿಂದ ಬರದೀನಿ. ಪಂಚಮಿಗೆ ತಂಗಿ ಬಂದಿದ್ದಳು. ಬೆರಳಿಟ್ಟು ಓದಕೋತ ಹೋಗಿ ಅವ್ವನ ಪದ ತಾನೇ ಹುಡುಕಿಕೊಂಡಳು.