ಕೂಡದ ಮೂಳೆಯ ಸಾಕ್ಷ್ಯ: ದೇಶೀಯ ವೈದ್ಯದ ಚರಿತ್ರೆಯನ್ನು ಕುರಿತು ಒಂದು ವಿಮರ್ಶೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ವೈದ್ಯಪರಂಪರೆಯನ್ನು ಕುರಿತು ಬರೆಯಹೊರಟವನಿಗೆ ಎರಡು ಆಧಾರಗಳು ಸುಲಭವಾಗಿ ಕೈಗೆಟಕುತ್ತವೆ. ಅಶೋಕನ ಶಾಸನಗಳು ಒಂದು; ಊರಿನ ವೈದ್ಯನ ಕಟ್ಟಿನಿಂದ ಕೂಡಿಕೊಂಡ ಮಕ್ಕಳ ಕೈಗಳು ಮತ್ತೊಂದು. ಇವೆರಡೂ ಪರೀಕ್ಷೆಗೆ ನಿಲ್ಲುವುವೇ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಇವು ಕಿರುಶಾಸನಗಳು, ಮಾತಾಪಿತೃಗಳಲ್ಲಿ ವಿಧೇಯತೆ, ಪ್ರಾಣಿದಯೆ, ಸತ್ಯ, ಗುರುಗೌರವ ಇವುಗಳ ಉಪದೇಶ ಇಲ್ಲುಂಟು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದ ಮಾತು ಬರುವುದು ಎರಡನೆಯ ಬೃಹತ್ ಶಿಲಾಶಾಸನದಲ್ಲಿ. ಅದರ ಪಾಠ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆಯೇ ಹೊರತು ಬ್ರಹ್ಮಗಿರಿಯಲ್ಲಿಲ್ಲ. ಆದುದರಿಂದ ಮೊದಲನೆಯ ಆಧಾರವನ್ನು ಬಿಡಬೇಕಾಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಮಕ್ಕಳ ಮೂಳೆಯ ಹೊರಪೊರೆ ದಪ್ಪನಾದುದು. ಮುರಿದ ಮೂಳೆ ಕೆಲವೇ ವಾರಗಳಲ್ಲಿ ಕೂಡುತ್ತದೆ, ಉಳಿದ ಅಲ್ಪಸ್ವಲ್ಪ ಡೊಂಕೂ ಬೆಳವಣಿಗೆಯೊಡನೆ ಬಹುಮಟ್ಟಿಗೆ ತಿದ್ದಿಕೊಳ್ಳುತ್ತದೆ. ಹೀಗಿರುವಲ್ಲಿ ಗುಣವಾದ ಕೈಯಿಂದ ವೈದ್ಯನ ನೈಪುಣ್ಯ ಸಿದ್ಧವಾಗದು. ಆಸ್ಪತ್ರೆಯ ಪ್ಲಾಸ್ಟರಿಗೂ ಈ ಮಾತು ಸಲ್ಲುತ್ತದೆ. ಒರೆಗಲ್ಲಾಗತಕ್ಕುದು ಕೂಡದೆ ಉಳಿದ ಮೂಳೆ.

ಅಂಥದು ವಿರಳ, ಆದರೆ ಮೊಣಕೈಯಲ್ಲಿ ಅದಕ್ಕೆ ಪ್ರಸಿದ್ಧವಾದ ಉದಾಹರಣೆಯುಂಟು. ತೋಳುಮೂಳೆಯ ಕೆಳತುದಿಯ ಹೊರಗಂಟು ಮುರಿದಾಗ, ಅದಕ್ಕೆ ಅಂಟಿದ ಸ್ನಾಯುಗಳು ತುಣುಕನ್ನು ಎಳೆಯುತ್ತವೆ, ಕೀಲಿನ ದ್ರವ ಬಿರುಕನ್ನು ತೋಯಿಸುತ್ತದೆ, ರಕ್ತದ ಪೂರೈಕೆಯೂ ಅಲ್ಪ. ಎಳೆಯ ಮಕ್ಕಳಲ್ಲಿ ಈ ಭಾಗ ಬಹುಪಾಲು ಮೃದ್ವಸ್ಥಿಯಾದುದರಿಂದ ಕ್ಷ-ಕಿರಣದ ಚಿತ್ರದಲ್ಲಿಯೂ ಪೂರ್ತಿ ಕಾಣದು. ಸರಿದ ತುಣುಕನ್ನು ಆರಂಭದಲ್ಲಿಯೇ ಶಸ್ತ್ರಕ್ರಿಯೆಯಿಂದ ಕೂಡಿಸಿ ತಂತಿಗಳಿಂದ ನಿಲ್ಲಿಸಬೇಕು. ತಡವಾದರೆ ತಿರುಪುಮೊಳೆ, ಮೂಳೆಯ ಕಸಿ ಬೇಕಾಗಬಹುದು. ಆಗಲೂ ಹಿಂಬದಿಯ ರಕ್ತನಾಳಗಳಿಗೆ ಧಕ್ಕೆಯಾಗಬಾರದು. ಉಪೇಕ್ಷಿಸಿದರೆ ಮೊಣಕೈ ಹೊರಕ್ಕೆ ಬಾಗಿ, ಹಲವು ವರ್ಷಗಳ ತರುವಾಯ ಒಳಬದಿಯ ನರ ಸೊರಗಿ, ಬೆರಳುಗಳು ಬಲಗುಂದುತ್ತವೆ. ಅಷ್ಟರಲ್ಲಿ ಮೊದಲ ಕಟ್ಟನ್ನು ಯಾರೂ ನೆನೆಯುವುದಿಲ್ಲ.

ಪರಂಪರೆಯ ಪಕ್ಷಪಾತಿಗಳು ಸುಶ್ರುತನನ್ನು ಆಶ್ರಯಿಸುವರಾದರೆ ಅವನನ್ನು ಪೂರ್ತಿಯಾಗಿ ಓದುವುದು ಉಚಿತ. ಎಳೆವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆಗೆ ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳು ಬೇಕೆಂದು ಅವನು ಹೇಳಿದ್ದಾನೆ. ವಯಸ್ಸಿನ ಪಾಲನ್ನು ವೈದ್ಯನ ಲೆಕ್ಕಕ್ಕೆ ಸೇರಿಸಲಿಲ್ಲ. ಸಡಿಲವಾದ ಕಟ್ಟಿನಿಂದ ಸ್ಥಿರತೆಯಿಲ್ಲ, ಬಿಗಿಯಾದುದರಿಂದ ಬಾವು, ನೋವು, ಕೀವು ಎಂದು ಎಚ್ಚರಿಸಿ, ಚಳಿಗಾಲದಲ್ಲಿ 7, ಸಾಧಾರಣ ಋತುವಿನಲ್ಲಿ 5, ಬೇಸಗೆಯಲ್ಲಿ 3 ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕೆಂದು ವಿಧಿಸಿದ್ದಾನೆ. ಬಿಗಿಕಟ್ಟಿನಿಂದ ರಕ್ತ ತಡೆದು ಕೈ ಮುರುಟುವ ಸ್ಥಿತಿಯನ್ನು ಜರ್ಮನಿಯ ಫೋಕ್‌ಮನ್ 1881ರಲ್ಲಿ ವರ್ಣಿಸಿದನು. ಬೆರಳುಗಳು ಬಿಳಿಚಿ, ನೀಡಿದರೆ ಅಸಹನೀಯ ನೋವಾದಾಗ ಕಟ್ಟನ್ನು ಆ ಕ್ಷಣವೇ ಬಿಚ್ಚಿ ಶಸ್ತ್ರವೈದ್ಯರ ಬಳಿಗೆ ಒಯ್ಯಬೇಕು. ಕೆಲವು ಗಂಟೆಗಳ ವಿಳಂಬದಿಂದಲೇ ಕೈ ಕೆಡುತ್ತದೆ.

ಹೀಗೆಂದ ಮಾತ್ರಕ್ಕೆ ದೇಶೀಯ ವೈದ್ಯವನ್ನು ತುಚ್ಛೀಕರಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಅಸ್ಥಿಚಿಕಿತ್ಸೆಗೆ ಹೊಸ ದಾರಿ ತೋರಿದ ಹ್ಯೂ ಓವನ್ ಥಾಮಸ್ (1834–1891) ಮೂಳೆ ಕಟ್ಟುವವರ ಮನೆತನದಲ್ಲಿಯೇ ಹುಟ್ಟಿದವನು. ಆದರೆ ಈ ಎರಡು ತಾಲ್ಲೂಕುಗಳಲ್ಲಿ ಮಾಹಿತಿ ಸಂಗ್ರಹಿಸುವ ವಿದ್ಯಾರ್ಥಿಯು ಗುಣವಾದವರನ್ನು ಮಾತ್ರ ಕೇಳಿ ಹಿಂದಿರುಗಬಾರದು. ಯಾರ ಕೈ ಕೂಡಲಿಲ್ಲ, ಎಷ್ಟು ದಿನಕ್ಕೆ ಕಟ್ಟು ಬಿಚ್ಚಿದರು, ಆಸ್ಪತ್ರೆಗೆ ಯಾವಾಗ ಹೋದರು ಎಂಬುದನ್ನೂ ಬರೆದುಕೊಳ್ಳಬೇಕು. ಸೋತವರ ಸಾಕ್ಷ್ಯವನ್ನು ಬಿಟ್ಟ ಚರಿತ್ರೆ ಪ್ರಶಸ್ತಿಯಾದೀತು, ಚರಿತ್ರೆಯಾಗಲಾರದು.